ಸಿಆರ್‌ಓನೇ ಕೆಟ್ಟರೆ ಯಾವುದರಿಂದ ನೋಡೋದು?

ಹೋದ ವಾರ ಚಾನೆಲ್ಲಿಗೆ ಹಾಕಿದ ಮಾತಿನ ಬರಹ ರೂಪ ಇದು. ಧಾಟಿಯನ್ನ ಹೆಚ್ಚು ತಿದ್ದಿಲ್ಲ. ವಿಡಿಯೊದಲ್ಲಿ ಕೈ ತೋರಿಸಿ ಸುಮ್ಮನಾದ ಜಾಗಗಳಲ್ಲಿ ಮಾತ್ರ ಇಲ್ಲಿ ಬಿಡಿಸಿ ಬರೆದಿದ್ದೇನೆ. ಮೆಟ್ರೊದಲ್ಲಿ ನಿಂತುಕೊಂಡು ಓದೋರು ಬಹಳ ಮಂದಿ ಇದ್ದೀರಿ ಅಂತ ಗೊತ್ತು, ಹಾಗಾಗಿ ಸರ್ಕ್ಯೂಟ್ ಚಿತ್ರ ಇಲ್ಲದೆಯೂ ಅರ್ಥ ಆಗಬೇಕು ಅನ್ನೋದು ನನ್ನ ಪ್ರಯತ್ನ.

ಕೋಡಿನಲ್ಲಿ ಏನಾದರೂ ಎಡವಟ್ಟಾದರೆ ಡೀಬಗರ್ ಹಚ್ಚಿ ನೋಡ್ತೀವಿ, ಲಾಗ್ ತೆಗೀತೀವಿ. ಡೀಬಗರೇ ಕೆಟ್ಟು ಕೂತರೆ? ಎಲೆಕ್ಟ್ರಾನಿಕ್ಸ್ ರಿಪೇರಿಯಲ್ಲಿ ಡೀಬಗರ್ ಅಂದ್ರೆ ಆಸಿಲೋಸ್ಕೋಪು. ನಮ್ಮ ಕಾಲೇಜು ಲ್ಯಾಬುಗಳ ಭಾಷೆಯಲ್ಲಿ ಸಿಆರ್‌ಓ. ಡಿಪ್ಲೊಮಾನೋ ಬಿಇನೋ ಮಾಡಿದವರೆಲ್ಲ ನೋಡಿರ್ತೀರಿ: ಹಸಿರು ಗೆರೆ, ಮುಂದೆ ಮೂವತ್ತು ನಾಬು, ಪಕ್ಕದಲ್ಲಿ "ಮುಟ್ಟಬ್ಯಾಡ್ರಿ, ಸೆಟ್ಟಿಂಗ್ ಹಾಳಾಗ್ತದ" ಅನ್ನೋ ಲ್ಯಾಬ್ ಅಸಿಸ್ಟಂಟ್. ಮಲ್ಟಿಮೀಟರ್ ಒಂದು ಸಂಖ್ಯೆ ಹೇಳಿ ಸುಮ್ಮನಾಗ್ತದೆ. ಸಿಆರ್‌ಓ ಹಾಗಲ್ಲ, ವೋಲ್ಟೇಜು ಒಂದು ಸೆಕೆಂಡಿನ ಲಕ್ಷದ ಒಂದು ಭಾಗದಲ್ಲಿ ಹೇಗೆ ಏರಿತು, ಹೇಗೆ ಇಳಿಯಿತು ಅಂತ ಚಿತ್ರ ಬಿಡಿಸ್ತದೆ. ಅದು ಕೆಟ್ಟಾಗ ಒಳಗೆ ಏನಾಗಿದೆ ಅಂತ ನೋಡೋಕೆ ಇನ್ನೊಂದು ಸಿಆರ್‌ಓ ಬೇಕು. ನಮ್ಮ ಹತ್ತಿರ ಇರಲಿಲ್ಲ. ಒಂದು ಮಲ್ಟಿಮೀಟರು, ಒಂದು ಬೆಂಚ್ ಸಪ್ಲೈ, ಒಂದು ಊದಿನಕಡ್ಡಿ, ಇಷ್ಟರಲ್ಲೇ ಮುಗಿಸಿದ ಕಥೆ ಇದು.

ನಮ್ಮ ಅಂದ್ರೆ ನಾನು ಮತ್ತು ಕಾಕಾ. ಹೆಸರು ಹಾಕಬ್ಯಾಡ ಅಂದಿದ್ದಾರೆ, ಹಾಕೋದಿಲ್ಲ. ಬೀದರ್ ಕಡೆಯವರು, ಅರವತ್ತೈದು ದಾಟಿದೆ. ಅಮೀರ್‌ಪೇಟ್‌ನಿಂದ ಬಲ್ಕಂಪೇಟೆ ಎಲ್ಲಮ್ಮನ ಗುಡಿ ಕಡೆ ಹೋಗೋ ದಾರಿಯ ಒಂದು ಗಲ್ಲಿಯಲ್ಲಿ ಹತ್ತಡಿ ಅಗಲದ ಅಂಗಡಿ. ಎಡಕ್ಕೆ ಜೆರಾಕ್ಸ್, ಮೇಲಿನ ಮಹಡಿಯಲ್ಲಿ ಜಾವಾ ಫುಲ್ ಸ್ಟ್ಯಾಕ್ ಕೋಚಿಂಗು. ಅಮೀರ್‌ಪೇಟ್ ಅಂದಕೂಡಲೇ ನಮಗೆಲ್ಲ ನೆನಪಾಗೋದು ಮೈತ್ರಿವನಂ, ಆದಿತ್ಯ ಎನ್‌ಕ್ಲೇವ್, ಗೋಡೆ ಕಾಣದಷ್ಟು ಬ್ಯಾನರು, ನಲವತ್ತೈದು ದಿನದಲ್ಲಿ ಏನು ಬೇಕಾದರೂ ಕಲಿಸ್ತೀವಿ ಅನ್ನೋ ಮಾತು. ಆದರೆ ಇಲ್ಲಿಂದ ಸ್ವಲ್ಪ ದೂರ ಹೋದರೆ ಸನತ್‌ನಗರ, ಬಾಲಾನಗರ. ಆಲ್ವಿನ್ ಫ್ಯಾಕ್ಟರಿ 1942ರಲ್ಲಿ ಶುರುವಾದ ಊರು ಇದು. 1967ರಲ್ಲಿ ಇಸಿಐಎಲ್ ಬಂದ ಊರು. ಸಾಫ್ಟ್‌ವೇರ್ ಬರೋ ಮುಂಚೆ ಹೈದರಾಬಾದಿಗೆ ಮಷೀನುಗಳ ಒಂದು ಜೀವನ ಇತ್ತು, ಇನ್ನೂ ಸಣ್ಣದಾಗಿ ಇದೆ. ಆ ಸಣ್ಣ ವರ್ಕ್‌ಶಾಪುಗಳ ವೆಲ್ಡಿಂಗ್ ಇನ್ವರ್ಟರ್ ಬೋರ್ಡು, ಸ್ಟೆಬಿಲೈಸರು, ಮೋಟರ್ ಡ್ರೈವ್ ಕಾರ್ಡು ಕೆಟ್ಟಾಗ ಬರೋದು ಕಾಕಾನ ಹತ್ತಿರ.

ನನ್ನ ಪರಿಚಯ ಗೊತ್ತಿರೋರಿಗೆ ಗೊತ್ತು. ಎಂಟೆಕ್ ಮಾಡಿದ್ದು ಎಲೆಕ್ಟ್ರಾನಿಕ್ಸ್‌ನಲ್ಲಿ, ಹೊಟ್ಟೆ ಹೊರೆಯೋದು ಸಾಫ್ಟ್‌ವೇರ್‌ನಲ್ಲಿ. ಹೋದ ಮೇ ತಿಂಗಳು ಪ್ರಾಜೆಕ್ಟ್ ಮುಗಿದು ಬೆಂಚ್ ಮೇಲಿದ್ದೆ. ಬೆಂಚ್ ಅಂದ್ರೆ ನಿಮಗೆ ವಿವರಿಸಬೇಕಿಲ್ಲ. ಬೆಳಿಗ್ಗೆ ಲಾಗಿನ್, ಸಂಜೆ ಲಾಗೌಟ್, ನಡುವೆ ಎದೆಯಲ್ಲಿ ಸಣ್ಣ ಢವಢವ. ರೂಮ್‌ಮೇಟುಗಳು ಹೊಸ ಕೋರ್ಸ್ ಸೇರು ಅಂದರು. ಸೇರಿದೆ ಕೂಡ. ಆದರೆ ಸಂಜೆ ಆರರ ಮೇಲೆ ಕೂತಿದ್ದು ಕಾಕಾನ ಬೆಂಚಿನ ಮುಂದೆ.

ಕಾಕಾನ ಸಿಆರ್‌ಓದ ಟ್ಯೂಬು ಮುಪ್ಪಾಗಿತ್ತು. ಬಾಗಿಲಿಗೆ ಪರದೆ ಎಳೆದು ಕತ್ತಲೆ ಮಾಡಿಕೊಂಡರೆ ಮಾತ್ರ ಗೆರೆ ಕಾಣೋದು. ಹೊಸ ಡಿಜಿಟಲ್ ಸ್ಕೋಪು ಇಪ್ಪತ್ತು ಸಾವಿರದ ಮೇಲೆ. ಅದೇ ತಗೊಳ್ಳಿ, ಮೆಮೊರಿ ಇರ್ತದೆ, ಚಿತ್ರ ಉಳಿಸಿಕೊಳ್ಳಬಹುದು ಅಂದೆ. "ಅದು ಕೆಟ್ರ ಯಾರು ಬಿಚ್ತಾರ ತಮ್ಮಾ? ನಾ ಅಂತೂ ಬಿಚ್ಚಲಾರೆ" ಅಂದರು. ನಿಮ್ಮಲ್ಲಿ ಯಾರಾದರೂ ಹೊಸದಾಗಿ ಈ ಹವ್ಯಾಸಕ್ಕೆ ಇಳಿಯೋರಿದ್ದರೆ ಡಿಜಿಟಲ್ಲೇ ಕೊಳ್ಳಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಕಾಕಾನ ಮಾತಿಗೂ ಉತ್ತರ ಇರಲಿಲ್ಲ. ಅಷ್ಟರಲ್ಲಿ ಒಂದು ಕಾಲೇಜಿನ ಹಳೇ ಲ್ಯಾಬು ಖಾಲಿಯಾಗಿ ಗುಜರಿಗೆ ಬಂದ ರಾಶಿಯಲ್ಲಿ ಟೆಕ್ಟ್ರಾನಿಕ್ಸ್ 465 ಕಣ್ಣಿಗೆ ಬಿತ್ತು. ಚೌಕಾಸಿ ಮಾಡಿ 3,500 ರೂಪಾಯಿಗೆ ತಂದೆ. ಹತ್ತು ಕಿಲೊ ಮೀರಿದ ತೂಕ. ಆಟೊದಿಂದ ಅಂಗಡಿಗೆ ಹೊರುವಷ್ಟರಲ್ಲಿ ಪೋರ್ಟಬಲ್ ಅನ್ನೋ ಪದದ ಬಗ್ಗೆ ನನಗೆ ಬೇರೆಯೇ ಅಭಿಪ್ರಾಯ ಬಂತು.

ಈ ಯಂತ್ರದ ಬಗ್ಗೆ ಎರಡು ಮಾತು. ಕ್ಯಾಥೋಡ್ ರೇ ಟ್ಯೂಬನ್ನ ಕಾರ್ಲ್ ಫರ್ಡಿನಾಂಡ್ ಬ್ರೌನ್ ಮಾಡಿದ್ದು 1897ರಲ್ಲಿ. ಹೊವಾರ್ಡ್ ವೊಲಂ, ಜ್ಯಾಕ್ ಮರ್ಡಾಕ್ ಮತ್ತು ಜೊತೆಗಾರರು ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಟೆಕ್ಟ್ರಾನಿಕ್ಸ್ ಕಟ್ಟಿದ್ದು 1946ರಲ್ಲಿ. ಮರುವರ್ಷ ಬಂದ ಅವರ 511 ಮಾದರಿಯಲ್ಲಿ ಟ್ರಿಗರ್ ಇತ್ತು. ಅಂದ್ರೆ ಅಲೆ ಒಂದು ನಿರ್ದಿಷ್ಟ ಮಟ್ಟ ಮುಟ್ಟಿದಾಗಲೇ ಗೆರೆ ಎಳೆಯೋಕೆ ಶುರು ಮಾಡೋದು. ಅದರಿಂದಲೇ ಚಿತ್ರ ಓಡಾಡದೆ ನಿಲ್ಲೋದು. 465 ಬಂದಿದ್ದು 1972ರಲ್ಲಿ: ಎರಡು ಚಾನೆಲ್, 100 ಮೆಗಾಹರ್ಟ್ಸ್. ಇದರ ಸರ್ವಿಸ್ ಮ್ಯಾನುವಲ್ ಇಂಟರ್ನೆಟ್ಟಿನಲ್ಲಿ ಸಿಗ್ತದೆ, ಇಳಿಸಿಕೊಂಡು ಓದಿ. ಸರ್ಕ್ಯೂಟಿನ ಪ್ರತಿ ಭಾಗ ಹೇಗೆ ಕೆಲಸ ಮಾಡ್ತದೆ, ಎಲ್ಲಿ ಎಷ್ಟು ವೋಲ್ಟ್ ಇರಬೇಕು, ಯಾವ ಆಕಾರದ ಅಲೆ ಕಾಣಬೇಕು, ಎಲ್ಲ ಬರೆದಿಟ್ಟಿದ್ದಾರೆ. ನಾನು ಕೆಲಸ ಮಾಡಿದ ಯಾವ ಕೋಡ್‌ಬೇಸಿಗೂ ಅಂಥ ದಾಖಲೆ ಇರಲಿಲ್ಲ ಅಂತ ಹೊಟ್ಟೆಕಿಚ್ಚಿನಿಂದಲೇ ಹೇಳ್ತೇನೆ.

ಬಿಚ್ಚೋ ಮುಂಚೆ ಎಚ್ಚರಿಕೆ. ಇದನ್ನ ಹಾರಿಸಿ ಓದಬೇಡಿ. 465ರ ಟ್ಯೂಬಿನ ಕ್ಯಾಥೋಡಿನಲ್ಲಿ ಮೈನಸ್ 2450 ವೋಲ್ಟ್ ಇರ್ತದೆ. ಪರದೆಯ ಹತ್ತಿರದ ಆನೋಡ್ ಸೇರಿಸಿದರೆ ಒಟ್ಟು ಸುಮಾರು 18 ಸಾವಿರ ವೋಲ್ಟ್. ಸ್ವಿಚ್ ಆರಿಸಿದ ಮೇಲೂ ಟ್ಯೂಬು ಸ್ವಲ್ಪ ಹೊತ್ತು ಆ ಚಾರ್ಜ್ ಹಿಡಿದಿಟ್ಟುಕೊಂಡಿರ್ತದೆ. ಕಾಕಾನ ನಿಯಮ ಹಳೆಯದು: ಅಳೆಯುವಾಗ ಒಂದು ಕೈ ಜೇಬಿನಲ್ಲಿ. ಎರಡೂ ಕೈ ಒಳಗಿದ್ದರೆ ಕರೆಂಟಿಗೆ ಎದೆಯ ಮೂಲಕ ದಾರಿ ಸಿಗ್ತದೆ. ಒಬ್ಬರೇ ಇದ್ದಾಗ ಕವರ್ ತೆಗೆದು ಸ್ವಿಚ್ ಹಾಕಬೇಡಿ.

ಇನ್ನೊಂದು ಅರ್ತಿಂಗು. ಸಿಆರ್‌ಓದ ಮೈಯೂ, ಪ್ರೋಬಿನ ಮೊಸಳೆ ಕ್ಲಿಪ್ಪೂ ಮೂರನೇ ಪಿನ್ನಿಗೆ ಸೇರಿರ್ತವೆ. ನಮ್ಮ ಪಿಜಿಯ ಸಾಕೆಟ್ಟಿನ ಮೂರನೇ ತೂತು ಬರೀ ತೂತು, ಹಿಂದೆ ತಂತಿಯೇ ಇರಲಿಲ್ಲ. ಮೀಟರಿನಲ್ಲಿ ನೋಡೋದು ಸುಲಭ: ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ಆಸುಪಾಸು, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಕೆಲವೇ ವೋಲ್ಟ್ ಬರಬೇಕು. ಇನ್ವರ್ಟರ್ ರಿಪೇರಿ ಮಾಡೋ ಕೆಲವರು ಬೇಕಂತಲೇ ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸ್ತಾರೆ, ಮೇನ್ಸ್ ಬದಿಯ ಅಲೆ ನೋಡೋಕೆ. ಆಗ ಸಿಆರ್‌ಓದ ಮೈಯೇ ಫೇಸ್ ಆಗಿಬಿಡಬಹುದು. ಅದರ ಬದಲು ಎರಡು ಪ್ರೋಬ್ ಹಾಕಿ, ಚಾನೆಲ್ 2 ಅನ್ನು ಉಲ್ಟಾ ಮಾಡಿ, ಎರಡನ್ನೂ ಕೂಡಿಸಿದರೆ ನಡುವಿನ ವ್ಯತ್ಯಾಸ ಕಾಣ್ತದೆ, ಅರ್ತಿಗೆ ಕ್ಲಿಪ್ ಹಾಕೋ ಗೊಡವೆಯೇ ಇಲ್ಲ. ಪ್ರೋಬು ಆ ವೋಲ್ಟೇಜು ತಡೆಯುವಂಥದ್ದು ಇರಬೇಕು, ಅಷ್ಟೇ.

ಈಗ ಯಂತ್ರಕ್ಕೆ ಬರೋಣ.

ಮೊದಲು ಹಿಂಬದಿಯ ವೋಲ್ಟೇಜ್ ಆಯ್ಕೆ 230ರಲ್ಲಿದೆಯಾ, ಫ್ಯೂಸು ಸರಿಯಾದದ್ದಾ ಅಂತ ನೋಡಿ, ಸೀರೀಸ್ ಬೋರ್ಡಿಗೆ ಹಾಕಿದೆವು. ಸೀರೀಸ್ ಬೋರ್ಡ್ ಅಂದ್ರೆ ಫೇಸ್ ದಾರಿಯಲ್ಲಿ ಒಂದು 200 ವ್ಯಾಟ್ ಬಲ್ಬು, ಯಾವ ರಿಪೇರಿ ಅಂಗಡಿಗೆ ಹೋದರೂ ಗೋಡೆಯ ಮೇಲೆ ಇರ್ತದೆ. ಒಳಗೆ ದೊಡ್ಡ ಶಾರ್ಟ್ ಇದ್ದರೆ ಬಲ್ಬು ಪೂರಾ ಉರೀತದೆ, ಯಂತ್ರ ಉಳೀತದೆ. ನಮ್ಮದು ಮಂದವಾಗಿ ಉರಿಯಿತು. ಟ್ರಾನ್ಸ್‌ಫಾರ್ಮರ್ ಬದಿ ಪರವಾಗಿಲ್ಲ ಅಂತಾಯ್ತು. ಈ ಸ್ಥಿತಿಯಲ್ಲಿ ಒಳಗಿನ ವೋಲ್ಟೇಜ್ ಅಳೆದರೆ ಉಪಯೋಗ ಇಲ್ಲ, ಬಲ್ಬೇ ಅರ್ಧ ತಿಂದಿರ್ತದೆ. ಆಮೇಲೆ ನೇರ ಮೇನ್ಸಿಗೆ ಹಾಕಿದೆವು. ಪೈಲಟ್ ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಕಪ್ಪು. ಬೀಮ್ ಫೈಂಡರ್ ಒತ್ತಿದರೂ ಕಪ್ಪು.

ಇಂಥ ಹೊತ್ತಿನಲ್ಲಿ ಕೈ ಸುಮ್ಮನಿರೋದಿಲ್ಲ. ಹಳೇ ಕೆಪಾಸಿಟರ್ ಎಲ್ಲ ಬದಲಿಸಿಬಿಡೋಣ ಅಂತ ಯೂಟ್ಯೂಬಿನಲ್ಲಿ ಹೇಳೋರು ಬಹಳ. ಕಾಕಾ ಅದಕ್ಕೆ ಬಿಡೋ ಮನುಷ್ಯರಲ್ಲ. ಐವತ್ತು ಪಾರ್ಟ್ ಬದಲಿಸಿದರೆ ಐವತ್ತು ಹೊಸ ಸೋಲ್ಡರ್ ಜಾಗ, ಪೋಲಾರಿಟಿ ಉಲ್ಟಾ ಆಗೋಕೆ ಐವತ್ತು ಅವಕಾಶ. ಮೇಲಾಗಿ ಯಂತ್ರ ಎದ್ದರೂ ಯಾವುದರಿಂದ ಎದ್ದಿತು ಅಂತ ಗೊತ್ತಾಗೋದಿಲ್ಲ.

ಮೊದಲು ಪವರ್ ಸಪ್ಲೈ. 465ರಲ್ಲಿ ಐದು ರೈಲು: ಮೈನಸ್ 8, ಪ್ಲಸ್ 5, ಪ್ಲಸ್ 15, ಪ್ಲಸ್ 55, ಪ್ಲಸ್ 110. ಟೆಸ್ಟ್ ಪಾಯಿಂಟುಗಳು ಸುಲಭಕ್ಕೆ ಸಿಗ್ತವೆ. ಪ್ಲಸ್ 15 ಒಂದೇ ನೆಲ ಕಚ್ಚಿತ್ತು, ಒಂದು ವೋಲ್ಟಿಗೂ ಕಡಿಮೆ. ಸ್ವಿಚ್ ಆರಿಸಿ, ಕಾದು, ಓಮ್‌ನಲ್ಲಿ ನೋಡಿದರೆ ಆ ರೈಲಿನಿಂದ ಗ್ರೌಂಡಿಗೆ ಬರೀ 1.2 ಓಮ್. ರೆಗ್ಯುಲೇಟರಿಗೆ ಕರೆಂಟಿನ ಮಿತಿ ಇರೋದರಿಂದ ಫ್ಯೂಸೂ ಹೋಗಿರಲಿಲ್ಲ, ಏನೂ ಸುಟ್ಟಿರಲಿಲ್ಲ.

ಸಮಸ್ಯೆ ಏನಂದ್ರೆ ಪ್ಲಸ್ 15 ಇಡೀ ಯಂತ್ರದ ಬೋರ್ಡುಗಳಿಗೆಲ್ಲ ಹಂಚಿಹೋಗಿದೆ. ಊರಿನ ನೀರಿನ ಪೈಪಿದ್ದ ಹಾಗೆ. ಎಲ್ಲೋ ಒಂದು ಕಡೆ ಒಡೆದಿದೆ, ಎಲ್ಲ ಮನೆಯಲ್ಲೂ ನೀರಿಲ್ಲ. ಪ್ರತಿ ಮನೆಯ ನಲ್ಲಿ ಬಿಚ್ಚಿ ನೋಡೋದು ಒಂದು ದಾರಿ. ಕಾಕಾ ತೋರಿಸಿದ ದಾರಿ ಬೇರೆ, ಈ ಮಾತಿನಲ್ಲಿ ನಿಮಗೆ ಕೈಗೆ ಸಿಗೋ ವಿದ್ಯೆ ಏನಾದರೂ ಇದ್ದರೆ ಇದೇ.

ಯಂತ್ರವನ್ನ ಮೇನ್ಸಿನಿಂದ ಪೂರ್ತಿ ಬಿಡಿಸಿ, ಬೆಂಚ್ ಸಪ್ಲೈಯನ್ನ ಅರ್ಧ ವೋಲ್ಟಿಗೆ, 300 ಮಿಲಿಆಂಪ್ ಮಿತಿಗೆ ಇಟ್ಟು, ಪ್ಲಸ್ 15ರ ಟೆಸ್ಟ್ ಪಾಯಿಂಟಿಗೆ ಕೊಟ್ಟೆವು. ಅರ್ಧ ವೋಲ್ಟಿಗೆ ಯಾವ ಸಿಲಿಕಾನ್ ಟ್ರಾನ್ಸಿಸ್ಟರೂ ಎಚ್ಚರ ಆಗೋದಿಲ್ಲ. ಹಾಗಾಗಿ ಯಾವ ಪಾರ್ಟಿಗೂ ಅಪಾಯ ಇಲ್ಲ, ಕರೆಂಟು ಹರಿಯೋದು ಶಾರ್ಟ್ ಆದ ಜಾಗದ ಕಡೆಗೆ ಮಾತ್ರ. ಈಗ ತಾಮ್ರದ ಗೆರೆಯೂ ಒಂದು ಸಣ್ಣ ರೆಸಿಸ್ಟರೇ. ಒಂದು ಮಿಲಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ಉದ್ದ, ಮಾಮೂಲಿ 35 ಮೈಕ್ರಾನ್ ದಪ್ಪದ ಗೆರೆಗೆ ಸುಮಾರು 50 ಮಿಲಿಓಮ್. ಅದರಲ್ಲಿ 300 ಮಿಲಿಆಂಪ್ ಹರಿದರೆ 15 ಮಿಲಿವೋಲ್ಟ್ ಇಳೀತದೆ. ಸಾಧಾರಣ ಮೀಟರಿಗೂ ಅದು ಸಲೀಸಾಗಿ ಕಾಣ್ತದೆ. ಮೀಟರನ್ನ ಮಿಲಿವೋಲ್ಟಿಗೆ ಇಟ್ಟು ಗೆರೆಯ ಗುಂಟ ಹೋಗೋದು. ಓದು ಇಳೀತಾ ಇದ್ದರೆ ಕರೆಂಟು ಈ ಕಡೆ ಹೋಗ್ತಿದೆ. ಒಂದು ಕವಲಿನಲ್ಲಿ ಎಷ್ಟು ದೂರ ಹೋದರೂ ಓದು ಬದಲಾಗದಿದ್ದರೆ ಆ ಕಡೆ ಕರೆಂಟೇ ಇಲ್ಲ, ಆ ಬೋರ್ಡು ನಿರಪರಾಧಿ. ಒಂದು ಪಾರ್ಟನ್ನೂ ಬಿಚ್ಚದೆ ನಾಲ್ಕು ಕವಲು ಬಿಟ್ಟು ಐದನೆಯದಕ್ಕೆ ಬಂದೆವು. ಟ್ರಿಗರ್ ಮತ್ತು ಸ್ವೀಪ್ ಇರೋ ಬೋರ್ಡು, ಅದರ ಮೂಲೆಯಲ್ಲಿ ಕಡಲೆಬೀಜದಷ್ಟು ದೊಡ್ಡ ಟ್ಯಾಂಟಲಮ್ ಕೆಪಾಸಿಟರ್. ಅಲ್ಲಿ ಎಲ್ಲಕ್ಕಿಂತ ಕಡಿಮೆ ಓದು. ಒಂದು ಕಾಲು ಎತ್ತಿದೆವು, ರೈಲಿನ 1.2 ಓಮ್ ಮಾಯ.

ಟ್ಯಾಂಟಲಮ್ ಹೀಗೆ ಸಾಯೋದು ಯಾರ ತಪ್ಪೂ ಅಲ್ಲ, ವಯಸ್ಸು. ಒಳಗಿನ ಆಕ್ಸೈಡ್ ಪದರ ಬಹಳ ತೆಳು. ಅದರಲ್ಲಿನ ದುರ್ಬಲ ಜಾಗ ಒಂದು ದಿನ ಒಡೆದರೆ ಶಾರ್ಟ್. ಕೆಲವೊಮ್ಮೆ ಬೆಂಕಿಯೂ ಬರ್ತದೆ. ಬದಲಿಗೆ 35 ವೋಲ್ಟಿನ ಅಲ್ಯುಮಿನಿಯಂ ಎಲೆಕ್ಟ್ರೊಲಿಟಿಕ್ ಹಾಕಿದೆವು. ಅಮೀರ್‌ಪೇಟ್‌ನಲ್ಲಿ ರೆಡ್ ಲೈನ್ ಹತ್ತಿ ಉಸ್ಮಾನಿಯಾ ಮೆಡಿಕಲ್ ಕಾಲೇಜ್ ಸ್ಟೇಷನ್‌ನಲ್ಲಿ ಇಳಿದು ಕೋಠಿಯ ಗುಜರಾತಿ ಗಲ್ಲಿಗೆ ಹೋದರೆ ಇಂಥ ಪಾರ್ಟೆಲ್ಲ ಸಿಗ್ತವೆ, ನಮ್ಮ ಬೆಂಗಳೂರಿನ ಎಸ್‌ಪಿ ರೋಡ್ ಇದ್ದ ಹಾಗೆ. ಒಂದು ಎಚ್ಚರ: ಟ್ಯಾಂಟಲಮ್ ಮೈಮೇಲೆ ಗುರುತು ಹಾಕೋದು ಪ್ಲಸ್ ಕಾಲಿಗೆ, ಎಲೆಕ್ಟ್ರೊಲಿಟಿಕ್ ಮೇಲೆ ಪಟ್ಟಿ ಇರೋದು ಮೈನಸ್ ಕಾಲಿಗೆ. ಗುರುತು ನೋಡಿ ಗುರುತಿನ ಜಾಗಕ್ಕೇ ಹಾಕಿದರೆ ಉಲ್ಟಾ ಆಗ್ತದೆ.

ಸ್ವಿಚ್ ಹಾಕಿದೆವು. ಐದೂ ರೈಲು ಸರಿ. ರೈಲಿನ ಮೇಲೆ ಮೇನ್ಸಿನ ಗುಂಯ್ ಎಷ್ಟಿದೆ ಅಂತಲೂ, 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ಮೀಟರಿನ ಎಸಿ ರೇಂಜಿನಲ್ಲಿ ನೋಡಿದೆವು. ದೊಡ್ಡ ಫಿಲ್ಟರ್ ಕೆಪಾಸಿಟರುಗಳು ಇನ್ನೂ ಗಟ್ಟಿ. ಪರದೆಯ ಮೇಲೆ ಹಸಿರು ಗೆರೆ ಬಂತು. ಚೂಪಾಗಿ, ಕೂದಲೆಳೆಯಷ್ಟು ತೆಳ್ಳಗೆ. ಕಾಕಾ ಚಹಾ ಹೇಳಿದರು.

ಚಹಾ ಮುಗಿಯೋದರೊಳಗೆ ಪರದೆ ಮತ್ತೆ ಕಪ್ಪು.

ರೈಲು ನೋಡಿದೆವು, ಎಲ್ಲ ಸರಿ. ಅಂದ್ರೆ ಮುಖ ಅದೇ, ರೋಗ ಬೇರೆ. ಆಗ ಕಾಕಾ ಒಂದೇ ಒಂದು ನಾಬು ತಿರುಗಿಸಿದರು: ಟೈಮ್ ಪರ್ ಡಿವಿಜನ್ ಅನ್ನು ಎಕ್ಸ್-ವೈಗೆ. ಪರದೆ ನಡುವೆ ಚುಕ್ಕೆ ಬಂತು. ಪೊಸಿಷನ್ ನಾಬು ತಿರುಗಿಸಿದರೆ ಎಡಬಲ, ಮೇಲೆ ಕೆಳಗೆ ಓಡಾಡಿತು. ಇದರ ಬೆಲೆ ನೋಡಿ. ಚುಕ್ಕೆ ಬಂದರೆ ಟ್ಯೂಬು ಸರಿ, ಹೈವೋಲ್ಟೇಜು ಸರಿ. ಮೇಲೆ ಕೆಳಗೆ ಹೋದರೆ ವರ್ಟಿಕಲ್ ಸರಿ, ಎಡಬಲ ಹೋದರೆ ಹಾರಿಜಾಂಟಲ್ ಆಂಪ್ಲಿಫೈಯರ್ ಸರಿ. ಕವರ್ ತೆಗೆಯದೆ, ಮೀಟರ್ ಮುಟ್ಟದೆ ಮುಕ್ಕಾಲು ಯಂತ್ರ ಆರೋಪದಿಂದ ಹೊರಗೆ. ಉಳಿದಿದ್ದು ಗೆರೆಯನ್ನ ಎಡದಿಂದ ಬಲಕ್ಕೆ ಎಳೆಯೋ ಸ್ವೀಪ್ ಸರ್ಕ್ಯೂಟು. ಸ್ವೀಪ್ ಓಡದಿದ್ದಾಗ ಯಂತ್ರ ತಾನೇ ಬೀಮನ್ನ ಆರಿಸ್ತದೆ, ಅದಕ್ಕೇ ಕಪ್ಪು.

ಸ್ವೀಪ್ ಅಂದ್ರೆ ಒಂದು ಸುತ್ತು. ಟ್ರಿಗರ್ ಬಂದರೆ ಗೇಟ್ ತೆರೀತದೆ, ಕೆಪಾಸಿಟರ್ ಒಂದೇ ವೇಗದಲ್ಲಿ ತುಂಬುತ್ತ ಹೋಗ್ತದೆ, ಗೆರೆ ಓಡ್ತದೆ. ಬಲತುದಿ ಮುಟ್ಟಿದಾಗ ಗೇಟ್ ಮುಚ್ತದೆ, ಕೆಪಾಸಿಟರ್ ಖಾಲಿ. ಎಲ್ಲ ಶಾಂತ ಆಗೋವರೆಗೆ ಹೋಲ್ಡಾಫ್ ಅನ್ನೋ ಭಾಗ ತಡೆದು ನಿಲ್ಲಿಸಿ, ಆಮೇಲೆ ಮುಂದಿನ ಟ್ರಿಗರಿಗೆ ಅನುಮತಿ ಕೊಡ್ತದೆ. ಪ್ರತಿಯೊಬ್ಬರೂ ಹಿಂದಿನವರನ್ನ ಕಾಯ್ತಿರ್ತಾರೆ. ಒಬ್ಬರು ನಿಂತರೆ ಎಲ್ಲರೂ ನಿಲ್ತಾರೆ, ಯಾರನ್ನ ಕೇಳಿದರೂ ಬೆರಳು ಪಕ್ಕದವರ ಕಡೆ. ಡೆಡ್‌ಲಾಕ್ ನೋಡಿದ ನಿಮಗೆ ಇದು ಹೊಸದಲ್ಲ. ಒಳ್ಳೆಯದೇನಂದ್ರೆ ನಿಂತ ಸುತ್ತನ್ನ ಮೀಟರಿನಿಂದಲೂ ಓದಬಹುದು, ಏನೂ ಅಲುಗಾಡ್ತಿಲ್ಲವಲ್ಲ. ಕೆಪಾಸಿಟರಿನ ವೋಲ್ಟೇಜು ತಳದಲ್ಲಿ ನಿಂತಿತ್ತು, ಅಂದ್ರೆ ಗೇಟ್ ತೆರೆದೇ ಇಲ್ಲ. ಗೇಟಿಗೆ ಹೋಲ್ಡಾಫಿನ ಅನುಮತಿ ಬಂದಿರಲಿಲ್ಲ.

ಈ ಮಾದರಿಯಲ್ಲಿ ಬಹಳಷ್ಟು ಟ್ರಾನ್ಸಿಸ್ಟರುಗಳು ಸಾಕೆಟ್ಟಿನಲ್ಲಿ ಕೂತಿರ್ತವೆ, ಸೋಲ್ಡರ್ ಮಾಡಿರೋದಿಲ್ಲ. ಸ್ವಿಚ್ ಆರಿಸಿ ಹೋಲ್ಡಾಫಿನ ಟ್ರಾನ್ಸಿಸ್ಟರ್ ಕಿತ್ತು, ಮೀಟರಿನ ಡಯೋಡ್ ರೇಂಜಿನಲ್ಲಿ ನೋಡಿದೆವು. ಎರಡೂ ಜಂಕ್ಷನ್ 0.6ರ ಆಸುಪಾಸು, ಚೆನ್ನಾಗಿದೆ. ವಾಪಸ್ ಕೂರಿಸಿ ಸ್ವಿಚ್ ಹಾಕಿದರೆ ಗೆರೆ ಬಂತು! ಹತ್ತು ನಿಮಿಷ, ಇಪ್ಪತ್ತು ನಿಮಿಷ, ಅರ್ಧ ಗಂಟೆ. ನಿಂತೇ ಇತ್ತು.

ರಾತ್ರಿ ಹತ್ತೂವರೆ. ಮೇಲಿನ ಜಾವಾ ಕ್ಲಾಸೂ ಬಿಟ್ಟಿತ್ತು. ಕಾಕಾ ಕವರ್ ಮುಟ್ಟಲಿಲ್ಲ.

"ತಮ್ಮಾ, ಹೋಗ್ಯಾದ ಅಂದ್ರ ಸಿಕ್ಕಾದ ಅಂತಲ್ಲ. ಹೋಗಿದ್ದನ್ನ ವಾಪಸ್ ತಂದು ತೋರ್ಸು, ಆಗ ಸಿಕ್ಕಾದ ಅಂತೀನಿ."

ಯಾಕೆ ಇಷ್ಟು ಹಟ ಅಂದ್ರೆ, ಈ ಸ್ಕೋಪು ನಾಳೆ ಕೂರೋದು ಅವರ ಮೇಜಿನ ಮೇಲೆ. ವೆಲ್ಡಿಂಗ್ ಇನ್ವರ್ಟರ್ ಬೋರ್ಡು ಬಂದರೆ ಮೊದಲು ನೋಡೋದು ಐಜಿಬಿಟಿಗಳ ಗೇಟಿಗೆ ಪಲ್ಸ್ ಬರ್ತಿದೆಯಾ ಅಂತ. ಸರಿಯಾಗಿ ಅದೇ ಕ್ಷಣಕ್ಕೆ ಸ್ವೀಪ್ ನಿಂತರೆ ಪರದೆ ಖಾಲಿ, ಪಲ್ಸ್ ಇಲ್ಲ ಅಂತ ತೀರ್ಮಾನ, ಸರಿ ಇರೋ ಡ್ರೈವರ್ ಐಸಿ ಬದಲು. ಅದಕ್ಕಿಂತ ಕೆಟ್ಟದ್ದು ಇದರ ಉಲ್ಟಾ: ಹಾಳಾದ ಬೋರ್ಡನ್ನ ಸರಿ ಅಂದು ಕಳಿಸಿ, ವರ್ಕ್‌ಶಾಪಿನಲ್ಲಿ ಸ್ವಿಚ್ ಹಾಕಿದ ಹುಡುಗನ ಮುಖದ ಮುಂದೆ ಐಜಿಬಿಟಿ ಸಿಡಿಯೋದು. ಪೂರ್ತಿ ಸತ್ತ ಸ್ಕೋಪು ಯಾರಿಗೂ ಮೋಸ ಮಾಡೋದಿಲ್ಲ. ಆಗೊಮ್ಮೆ ಈಗೊಮ್ಮೆ ಸುಳ್ಳು ಹೇಳೋದರ ಮೇಲೆ ಬೇರೆಯವರ ಮನೆ ನಡೀತಿರ್ತದೆ.

ನಮ್ಮ ಆಫೀಸುಗಳಲ್ಲಿ ಇದಕ್ಕೆ ಏನು ಮಾಡ್ತೀವಿ? ಟೆಸ್ಟ್ ಫೇಲ್ ಆಯ್ತಾ, ಮತ್ತೊಮ್ಮೆ ಓಡಿಸು. ಪಾಸ್ ಆಯ್ತಾ, ಮರ್ಜ್ ಮಾಡು. ಸರ್ವರ್ ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯ್ತಾ, ಟಿಕೆಟ್ಟಿಗೆ "ಮರುಕಳಿಸಲಿಲ್ಲ" ಅಂತ ಬರೆದು ಮುಚ್ಚು. ಶುಕ್ರವಾರ ಸಂಜೆ ಆಗಿದ್ದರೆ ಇನ್ನೂ ಬೇಗ ಮುಚ್ಚು. ಸಾಕೆಟ್ಟಿನಿಂದ ಕಿತ್ತು ಮತ್ತೆ ಕೂರಿಸೋದು ಅಂದ್ರೆ ಹಾರ್ಡ್‌ವೇರಿನ ರೀಸ್ಟಾರ್ಟೇ. ಅದರಿಂದ ಒಂದು ಸುಳಿವು ಸಿಗ್ತದೆ. ಸುಳಿವನ್ನೇ ಉತ್ತರ ಅಂದುಕೊಳ್ಳೋದು ನಮ್ಮ ಕಸುಬಿನಲ್ಲಿ ಎಷ್ಟು ರೂಢಿ ಆಗಿಬಿಟ್ಟಿದೆ ಅಂದ್ರೆ, ಯಾರಾದರೂ ತಡೆದು ಕೇಳಿದರೆ ಅವರೇ ಡೆಲಿವರಿಗೆ ಅಡ್ಡ ಬಂದವರು.

ಸರಿ, ದೋಷವನ್ನ ವಾಪಸ್ ಕರೆಯೋದು ಹೇಗೆ? ಸುಮಾರು ಎಲ್ಲ ಬಂದು ಹೋಗೋ ದೋಷಗಳೂ ಎರಡಕ್ಕೆ ಬಗ್ಗುತ್ತವೆ: ಬಿಸಿ ಮತ್ತು ಅಲುಗಾಟ. ರೂಮ್‌ಮೇಟಿನ ಹೇರ್ ಡ್ರೈಯರ್ ತಂದು ಮಾರನೇ ದಿನ ಆ ಬೋರ್ಡಿಗೆ ಬೆಚ್ಚಗೆ ಗಾಳಿ ಬಿಟ್ಟೆವು. ಹೈದರಾಬಾದಿನ ಮೇ ತಿಂಗಳಿಗೆ ಅದರ ಅಗತ್ಯ ಏನು ಅಂತ ಕೇಳಬಹುದು, ಆದರೆ ನಮಗೆ ಬೇಕಿದ್ದದ್ದು ಒಂದೇ ಮೂಲೆಯ ಬಿಸಿ. ಏಳನೇ ನಿಮಿಷಕ್ಕೆ ಗೆರೆ ಹೋಯ್ತು. ಆಮೇಲೆ ಊದಿನಕಡ್ಡಿ. ಹಿಟ್ಟು ಹೋಗಿ ಬರೀ ಬಿದಿರು ಉಳಿದ ಒಣ ಕಡ್ಡಿ, ಕರೆಂಟ್ ಹಾಯೋದಿಲ್ಲ, ತುದಿ ಸಣ್ಣ. ಅದರಿಂದ ಒಂದೊಂದೇ ಟ್ರಾನ್ಸಿಸ್ಟರಿನ ತಲೆ ಮೆಲ್ಲಗೆ ತಟ್ಟುತ್ತ ಬಂದೆ. ಹೋಲ್ಡಾಫಿನದ್ದು ತಟ್ಟಿದರೆ ಏನೂ ಇಲ್ಲ. ಅದರ ಪಕ್ಕದ್ದಕ್ಕೂ ಏನೂ ಇಲ್ಲ. ಮೂರನೆಯದನ್ನ ಎಡಕ್ಕೆ ಒತ್ತಿದೆ, ಗೆರೆ ಬಂತು. ಬಲಕ್ಕೆ ಒತ್ತಿದೆ, ಹೋಯ್ತು. ಎಡಕ್ಕೆ, ಬಂತು. ಬಲಕ್ಕೆ, ಹೋಯ್ತು. ಹಿಂದಿನ ರಾತ್ರಿ ನಾವು ಕಿತ್ತು ಕೂರಿಸಿದ್ದು ಇದಲ್ಲವೇ ಅಲ್ಲ. ಪಕ್ಕದಲ್ಲಿ ಕೈ ಆಡಿದಾಗ ಬೋರ್ಡು ಬಾಗಿ ಇದು ತಾತ್ಕಾಲಿಕವಾಗಿ ಕಚ್ಚಿಕೊಂಡಿತ್ತು, ಅಷ್ಟೇ.

"ಹಾಂ, ಈಗ ಸಿಕ್ಕಾದ" ಅಂದರು ಕಾಕಾ.

ಆ ಟ್ರಾನ್ಸಿಸ್ಟರನ್ನ ಹೊರಗೆ ತೆಗೆದು ಪರೀಕ್ಷೆ ಮಾಡಿದರೆ ಅದೂ ಸರಿಯೇ. ಸಾಕೆಟ್ಟಿನ ಹಿಡಿತ ಸಡಿಲ, ಒಳಗೆ ಕಪ್ಪು. ಕಾಲುಗಳನ್ನೂ ಸಾಕೆಟ್ಟನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಳಗಿನ ಎಲೆಯನ್ನ ಸೂಜಿಯಿಂದ ಸ್ವಲ್ಪ ಬಿಗಿ ಮಾಡಿದೆವು. ಮತ್ತೆ ಡ್ರೈಯರ್, ಮತ್ತೆ ಕಡ್ಡಿ, ಒಂದು ಗಂಟೆ. ಎಡಕ್ಕೆ ಒತ್ತಿದರೂ ಬಲಕ್ಕೆ ಒತ್ತಿದರೂ ಗೆರೆ ಕದಲಲಿಲ್ಲ. ಅದೇ ಬೋರ್ಡಿನ ಉಳಿದ ಸಾಕೆಟ್ಟುಗಳನ್ನ ಆಮೇಲೆ ಒರೆಸಿದೆವು. ಮೊದಲೇ ಎಲ್ಲ ಒರೆಸಿಬಿಟ್ಟಿದ್ದರೆ ಯಾವುದು ಅಂತ ಎಂದಿಗೂ ಗೊತ್ತಾಗ್ತಿರಲಿಲ್ಲ.

ಕೊನೆಗೆ ಅದು ಹೇಳೋದು ನಿಜವಾ ಅಂತ ನೋಡಬೇಕಲ್ಲ. ಮುಂಬದಿಯಲ್ಲೇ ಒಂದು ಕಿಲೊಹರ್ಟ್ಸ್, 300 ಮಿಲಿವೋಲ್ಟಿನ ಚೌಕ ಅಲೆ ಕೊಡೋ ಕೊಂಡಿ ಇದೆ, ಪ್ರೋಬ್ ಹೊಂದಿಸೋಕೆ ಅದು ಸಾಕು. ಆದರೆ ಯಂತ್ರದ ಸಾಕ್ಷಿಯನ್ನ ಯಂತ್ರದಿಂದಲೇ ಕೇಳಿದ ಹಾಗಾಗ್ತದೆ. ವೋಲ್ಟೇಜಿಗೆ ಹೊಸ ಟಾರ್ಚ್ ಸೆಲ್ಲು: ಮೀಟರಿನಲ್ಲಿ ಅಳೆದು, ಅದನ್ನೇ ಸ್ಕೋಪಿಗೆ ಡಿಸಿಯಲ್ಲಿ ಕೊಟ್ಟು, ಗೆರೆ ಎಷ್ಟು ಚೌಕ ಏರಿತು ಅಂತ ಎಣಿಸೋದು. ಸಮಯಕ್ಕೆ ಗುಜರಾತಿ ಗಲ್ಲಿಯಿಂದ ತಂದ ಒಂದು ಮೆಗಾಹರ್ಟ್ಸಿನ ಕ್ರಿಸ್ಟಲ್ ಆಸಿಲೇಟರು: ಒಂದು ಡಿವಿಜನ್ನಿಗೆ ಒಂದು ಮೈಕ್ರೊಸೆಕೆಂಡ್ ಇಟ್ಟರೆ ಪ್ರತಿ ಚೌಕಕ್ಕೆ ಸರಿಯಾಗಿ ಒಂದು ಅಲೆ ಕೂರಬೇಕು. ಹತ್ತು ಚೌಕಕ್ಕೆ ಹತ್ತು ಅಲೆ ಕೂತವು, ಕಣ್ಣಿಗೆ ಕಾಣೋ ವ್ಯತ್ಯಾಸ ಇಲ್ಲ. ಅರ್ಧ ಶತಮಾನದ ಯಂತ್ರ.

ಕ್ಯಾಲಿಫೋರ್ನಿಯಾದಲ್ಲಿರೋ ಕೇಳುಗರಿಗೆ ಒಂದು ಮಾತು. ಜಿಮ್ ವಿಲಿಯಮ್ಸ್ ಅನ್ನೋ ಅನಲಾಗ್ ಎಂಜಿನಿಯರ್ ಇದ್ದರು, ಹಳೇ ಟೆಕ್ಟ್ರಾನಿಕ್ಸ್ ಸ್ಕೋಪುಗಳ ದೊಡ್ಡ ಪ್ರೇಮಿ. 2011ರಲ್ಲಿ ತೀರಿಕೊಂಡ ಮೇಲೆ ಅವರ ಕೆಲಸದ ಮೇಜನ್ನ, ಮೇಲಿನ ಕಸಕಡ್ಡಿ ಸಮೇತ, ಮೌಂಟನ್ ವ್ಯೂನ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಆ ಫೋಟೊ ಕಾಕಾಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ನಮ್ಮದು ಇದಕಿಂತ ಸ್ವಚ್ಛ ಅದ" ಅಂದರು.

ನನಗೆ ಜುಲೈನಲ್ಲಿ ಪ್ರಾಜೆಕ್ಟ್ ಸಿಕ್ಕಿತು, ಈಗ ಭಾನುವಾರ ಮಾತ್ರ ಹೋಗ್ತೇನೆ. ಸ್ಕೋಪು ಅಂಗಡಿಯಲ್ಲೇ ಇದೆ, ಬಾಗಿಲಿನ ಪರದೆ ತೆಗೆದಾಗಿದೆ. ಚಾನೆಲ್ 2ರಲ್ಲಿ ಇನ್ನೊಂದು ತೊಂದರೆ ಉಳಿದಿದೆ: 20 ಮಿಲಿವೋಲ್ಟಿನ ಮೆಟ್ಟಿಲಿಗೆ ಬಂದಾಗ ಗೆರೆ ಒಮ್ಮೊಮ್ಮೆ ಜಿಗೀತದೆ. ಅಟೆನ್ಯುಯೇಟರಿನ ಕ್ಯಾಮ್ ಸ್ವಿಚ್ಚಿನ ಚಿನ್ನದ ಲೇಪದ ಕಾಂಟ್ಯಾಕ್ಟುಗಳು ಇರಬಹುದು ಅಂತ ನನ್ನ ಅಂದಾಜು. ಅಂದಾಜು ಅಂದಿದ್ದಕ್ಕೇ ಕಾಕಾ ಇನ್ನೂ ಕವರ್ ತೆಗೆಯೋಕೆ ಬಿಟ್ಟಿಲ್ಲ. ಯಾವಾಗ ಜಿಗೀತದೆ, ಯಾವಾಗ ಜಿಗಿಯೋದಿಲ್ಲ ಅಂತ ಮೂರು ವಾರದಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೀತಿದ್ದೇವೆ. ಹದಿನೇಳು ಸಲ ಆಗಿದೆ, ಅದರಲ್ಲಿ ಹದಿನಾಲ್ಕು ಸಲ ಬೆಳಿಗ್ಗೆ ಮೊದಲ ಅರ್ಧ ಗಂಟೆಯಲ್ಲಿ. ಅದು ಸಿಕ್ಕ ಮೇಲೆ ಮುಂದಿನ ವಿಡಿಯೊ ಹಾಕ್ತೇನೆ.